ಮೂರನೆಯ ಕಂಬದ ಗಾರೆ

"ಇಳಿಸಿ," ಎಂದಳು ವೆನೆರಾ, ಗಂಡನ ಶವಪೆಟ್ಟಿಗೆಯ ಹಿತ್ತಾಳೆ ಹಿಡಿಯನ್ನು ಎರಡೂ ಕೈಯಿಂದ ಜಗ್ಗುತ್ತ. ಹೊತ್ತಿದ್ದ ನಾಲ್ವರು ಇಗರ್ಜಿಯ ಮೆಟ್ಟಿಲುಗಳ ನಡುವೆ ಗಕ್ಕನೆ ನಿಂತರು.

"ಇಲ್ಲೇನಾ?"

"ಇಲ್ಲೇ. ಒಳಗೆ ಬೇಡ."

ಮೆಟ್ಟಿಲು ಅಗಲವಾಗುವ ತಾವಿನಲ್ಲಿ ಪೆಟ್ಟಿಗೆ ಇಳಿಸಿದರು. ಸತ್ತ ಯಾನುವಿನ ತಂಗಿ ಪೀನಾ ಕಪ್ಪು ಶಾಲನ್ನು ಎಳೆದುಕೊಳ್ಳುತ್ತ ಏದುಸಿರಿನಲ್ಲಿ ಹತ್ತಿ ಬಂದಳು.

"ಅತ್ತಿಗೆ, ಬುದ್ಧಿ ನೆಟ್ಟಗಿದೆಯಾ? 'ದೊಡ್ಡ ಇಗರ್ಜೀಲಿ ಪೂಜೆ' ಅಂತ ಊರಿನ ಗೋಡೆಗೆಲ್ಲ ಕಾಗದ ಅಂಟಿಸಿದೀವಿ. ಪೂಜೆ ಇಲ್ದೆ ಮಣ್ಣು ಮಾಡೋಕೆ ಅಣ್ಣ ಏನು ನೇಣು ಹಾಕ್ಕೊಂಡಿದ್ನಾ?"

"ನಿಮ್ಮಣ್ಣನೇ ಹೇಳಿ ಹೋಗಿದ್ದು, ಪೀನಾ. ಒಳಗೆ ಒಯ್ಯಬೇಡ ಅಂತ ನನ್ನ ಕೈಯಿಂದ ಭಾಷೆ ತಗೊಂಡ್ರು."

"ಮಗಳ ಮದುವೆಗೂ ಹೊರಗೇ ನಿಂತಿದ್ದ ಹಠಮಾರಿ. ಸತ್ತ ಮೇಲೂ ಅವನದೇ ನಡೀಬೇಕಾ?"

ಹಿಂದೆ ನಿಂತಿದ್ದ ಮುದುಕರಿಬ್ಬರು ಟೋಪಿಯ ಮರೆಯಲ್ಲಿ ಪಿಸುಗುಟ್ಟಿದರು.

"ಇಷ್ಟು ವರ್ಷ ಇದೇ ಮೆಟ್ಟಿಲ ಮೇಲೆ ಕೂತು ಸಿಗರೇಟು ಸೇದ್ದೋನು. ಇದೇ ಅವನ ಜಾಗ ಬಿಡು."

"ಈಗ ಆರಾಮಾಗಿ ಕಾಲು ಚಾಚಿದಾನೆ."

ಅವರ ತಲೆಯ ಮೇಲೆ ಇಗರ್ಜಿಯ ಮುಖ ಅಲೆಯಂತೆ ಉಬ್ಬಿ, ಒಳಸರಿದು, ಮತ್ತೆ ಉಬ್ಬಿ ಮೇಲೇರಿತ್ತು. ಜೇನುಬಣ್ಣದ ಕಲ್ಲು, ತಿರುಚಿದ ಕಂಬಗಳು, ಹಾಲುಗಲ್ಲದ ದೇವದೂತರು. ಮುನ್ನೂರು ವರ್ಷದ ಹಿಂದೆ ಸಿಸಿಲಿಯ ಈ ಮೂಲೆಯನ್ನೆಲ್ಲ ಭೂಮಿ ಕೊಡವಿ ಕೆಡವಿದಾಗ, ಬದುಕುಳಿದವರು ಸಾವಿಗೆ ಸಡ್ಡು ಹೊಡೆಯುವಂತೆ ಕಟ್ಟಿದ್ದು ಅದು. ವೆನೆರಾ ಈಗಲೂ ಅದನ್ನು ತಲೆ ಎತ್ತಿ ನೋಡುತ್ತಿರಲಿಲ್ಲ.

*

ವರ್ಷಗಳ ಹಿಂದಿನ ಆ ಚಳಿಗಾಲ ಭೂಮಿ ನಡುಗಿದ್ದು ಸ್ವಲ್ಪವೇ, ಅಡುಗೆಮನೆಯ ಲೋಟಗಳು ಒಂದಕ್ಕೊಂದು ತಾಗುವಷ್ಟು. ಊರ ಸಂತನ ಹಬ್ಬಕ್ಕೆಂದು ಏಣಿ ಹತ್ತಿ ಇಗರ್ಜಿಯ ಗೋಡೆ ಸರಿಮಾಡುತ್ತಿದ್ದ ಗಾರೆ ಕೆಲಸದ ಯಾನು, ಸಂಜೆ ಮನೆಗೆ ಬಂದು ಕೈ ತೊಳೆಯುತ್ತ ಹೇಳಿದ್ದ:

"ಬಲಗಡೆ ಮೂರನೇ ಕಂಬ ಬಿರುಕು ಬಿಟ್ಟಿತ್ತು. ಮುಚ್ಚಿದೆ."

"ಮುಚ್ಚಿದೆ ಅಂದ್ರೆ?"

"ಸುಣ್ಣಕ್ಕೆ ಅಮೃತಶಿಲೆ ಪುಡಿ ಹದ ಮಾಡಿ ಬಳಿದೆ. ಬಿಷಪ್ಪೇ ಬಂದು ಮೂಗು ತಾಗಿಸಿ ನೋಡ್ಲಿ, ಕಾಣಲ್ಲ."

"ಯಾರಿಗಾದ್ರೂ ಹೇಳಿ."

"ಹೇಳಿದ್ರೆ ಇಂಜಿನಿಯರು ಬಂದು ಬೀಗ ಹಾಕ್ತಾನೆ. ಸಂತನ ಮೂರ್ತಿ ಒಳಗೇ ಉಳಿಯುತ್ತೆ. ಯುದ್ಧದಲ್ಲೂ ನಿಲ್ಲದ ಮೆರವಣಿಗೆ ನನ್ನಿಂದ ನಿಲ್ಲಬೇಕಾ? ಹಬ್ಬ ಕಳೀಲಿ."

ಆ ವರ್ಷ ಪಲ್ಲಕ್ಕಿಯ ಮುಂದಿನ ಕೊಂಬಿಗೆ, ಅವನಪ್ಪ ಹೆಗಲು ಕೊಟ್ಟಿದ್ದ ಜಾಗಕ್ಕೆ, ಮೊದಲ ಸಲ ಅವನ ಹೆಸರು ಬಂದಿತ್ತು. ಮೆರವಣಿಗೆಗೆ ಅವನು ತೊಡುವ ಬಿಳಿ ಅಂಗಿಯನ್ನು ವೆನೆರಾ ಇಸ್ತ್ರಿ ಮಾಡುತ್ತಿದ್ದಳು. ಕಾಲರ್ ಮಡಿಸಿ, ಇನ್ನೊಂದು ಸಲ ಒತ್ತಿ, ಅಂಗಿಯನ್ನು ಗೂಟಕ್ಕೆ ತೂಗುಹಾಕಿದಳು.

ಹಬ್ಬ ಕಳೆಯಿತು. ಬಾದಾಮಿ ಹೂಬಿಟ್ಟಿತು, ಮಗಳಿಗೆ ಜ್ವರ ಬಂತು, ನಾಳೆ ನಾಳೆ ಎಂದು ದಿನ ಹೋದವು. ಮಳೆ ಹಿಡಿದು ಬಿಟ್ಟ ಒಂದು ಮಧ್ಯಾಹ್ನ ಕಂಬ ಗೋಣಿಚೀಲದಂತೆ ಒಡೆಯಿತು, ಗುಮ್ಮಟ ಕುಸಿಯಿತು. ಹೊರಗೆ ನುಣ್ಣನೆಯ ಕಲ್ಲಿನ ಹೊದಿಕೆ. ಒಳಗೆ ಹೊಳೆಯ ಉರುಟುಗಲ್ಲು, ಮಣ್ಣು, ಹಳೆಯ ಇಗರ್ಜಿಯ ಚೂರುಪಾರು. ಅವಸರದಲ್ಲಿ ಕಟ್ಟಿದ ಹಿರಿಯರನ್ನು ಬೈದು ಊರು ಸಮಾಧಾನ ಮಾಡಿಕೊಂಡಿತು. ಹೂದಾನಿಯ ನೀರು ಬದಲಿಸಲು ಹೋಗಿದ್ದ ಆಗ್ರಿಪ್ಪಿನಾ ಆ ಕಲ್ಲಿನಡಿ ಸತ್ತಿದ್ದಳು. ಅವಳು ಇಗರ್ಜಿಯ ಗಂಟೆ, ಬೀಗದಕೈ ನೋಡಿಕೊಳ್ಳುವ ಕಾಲೊಜೆರೊನ ಹೆಂಡತಿ.

*

ಅದೇ ಕಾಲೊಜೆರೊ ಈಗ ಕಂಬಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲಿಳಿದು ಬಂದ.

"ಯಾಕಮ್ಮ ಇಲ್ಲಿ ಇಳಿಸಿದ್ರಿ?"

"ಒಳಗೆ ಬೇಡ ಅಂದಿದ್ರು, ಅಣ್ಣಾ."

ಮುದುಕ ಅವಳ ಕಿವಿಯ ಹತ್ತಿರ ಬಾಗಿದ. ಮೇಣದ ವಾಸನೆ ಬಂತು.

"ಬೇಡ ಅನ್ನೋಕೆ ಅವನಿಗೆ ಬಾಯಿತ್ತು. ಆಗ್ರಿಪ್ಪಿನಾನ ಯಾರು ಕೇಳಿದ್ರು?"

ವೆನೆರಾಳ ಕೈ ಹಿತ್ತಾಳೆಯ ಹಿಡಿಯಿಂದ ಜಾರಿತು. "ನಿಮಗೆ... ಗೊತ್ತಿತ್ತಾ?"

"ಅವಳನ್ನ ಹೊರಗೆ ತೆಗೆದೋನು ನಾನು. ಅವಳ ಕೂದಲ ತುಂಬ ಹೊಸ ಗಾರೆ ಇತ್ತಮ್ಮ. ಆ ಹಳೇ ಕಲ್ಲಿನ ರಾಶೀಲಿ ಅದೊಂದೇ ಬೆಳ್ಳಗಿದ್ದಿದ್ದು. ಆ ವರ್ಷ ಇಲ್ಲಿ ಗಾರೆ ಬಳಿದೋನು ಅವನೊಬ್ಬನೇ."

"ಯಾರಿಗೂ ಹೇಳ್ಲಿಲ್ಲ ನೀವು."

"ಅವನೇ ಬಂದು ಹೇಳ್ತಾನೆ ಅಂತ ಕಾದೆ. ದಿನಾ ಬೆಳಗ್ಗೆ ಬಾಗಿಲು ತೆಗೀತಿದ್ದೆ. ದಿನಾ ಇಲ್ಲಿ ಕೂತಿರ್ತಿದ್ದ. ಮೇಲಕ್ಕೆ ಹತ್ತಿ ಬರ್ಲೇ ಇಲ್ಲ."

ಗಂಡ ದೇವರಿಗೆ ಹೆದರಿದ್ದಾನೆ ಎಂದೇ ವೆನೆರಾ ಇಷ್ಟು ಕಾಲ ತಿಳಿದಿದ್ದಳು. ಅವನು ಹೆದರಿದ್ದು ಈ ಮುದುಕನ ಮುಖಕ್ಕೆ. ಇನ್ನು ಹೊತ್ತಿಲ್ಲ, ಗುಂಡಿ ತೋಡಿಯಾಗಿದೆ. ಒಂದೋ ಗಂಡನಿಗೆ ಕೊಟ್ಟ ಮಾತು, ಇಲ್ಲವೋ ಈ ಮುದುಕ.

"ಏನದು ಗುಸುಗುಸು?" ಎಂದಳು ಪೀನಾ. "ಪಾದ್ರಿಗಳು ಕಾಯ್ತಿದಾರೆ."

"ಎತ್ತಿ," ಎಂದಳು ವೆನೆರಾ. "ಒಳಗೆ ತಗೊಂಡ್ಹೋಗಿ. ನಡುವೆ ಬೇಡ, ಬಲಗಡೆ ಮೂರನೇ ಕಂಬದ ಬುಡದಲ್ಲಿಡಿ."

"ಅಯ್ಯೋ, ಅದು ಆಗ್ರಿಪ್ಪಿನಾ ಸತ್ತ ಜಾಗ ಅಲ್ವಾ?" ಎಂದಳು ಪೀನಾ.

"ಹೌದು." ವೆನೆರಾ ಜನರ ಕಡೆ ತಿರುಗಿದಳು. ಮಕ್ಕಳನ್ನು ಊಟಕ್ಕೆ ಕರೆಯುವಾಗಿನ ಅದೇ ಏರುದನಿಯಲ್ಲಿ ಹೇಳಿದಳು. "ಆ ಕಂಬದ ಬಿರುಕು ಮುಚ್ಚಿದ್ದು ನನ್ನ ಗಂಡ. ಗೊತ್ತಿದ್ದೂ ಸುಮ್ಮನಿದ್ದೋಳು ನಾನು."

ಪೀನಾ ಶಾಲನ್ನು ಮುಖದ ಮೇಲೆ ಎಳೆದುಕೊಂಡಳು. ಹೊರುವವರಲ್ಲಿ ಒಬ್ಬ ಪೆಟ್ಟಿಗೆಯಿಂದ ಕೈ ತೆಗೆದು, ಟೋಪಿ ಹಾಕಿಕೊಂಡು, ಹಿಂತಿರುಗಿ ನೋಡದೆ ಇಳಿದು ಹೋದ. ಅವನು ಬಿಟ್ಟ ಮೂಲೆಗೆ ವೆನೆರಾ ಹೆಗಲು ಕೊಟ್ಟಳು. ಪೆಟ್ಟಿಗೆ ಅವಳ ಕಡೆಗೆ ವಾಲಿಕೊಂಡೇ ಬಾಗಿಲು ದಾಟಿತು.

ಮತ್ತೆ ಕಟ್ಟಿದ ಕಂಬಗಳಿಗೆ ಗಾರೆ ಬಳಿದಿರಲಿಲ್ಲ. ಕಲ್ಲಿನ ಸಂದು ಸಂದೂ ಕಾಣುತ್ತಿತ್ತು. ಅರ್ಧಕ್ಕರ್ಧ ಬೆಂಚುಗಳು ಖಾಲಿ. ಪಾದ್ರಿ ಪೂಜೆ ಶುರುಮಾಡಿ, ಗಂಟೆ ಬಾರಿಸಬೇಕಾದ ಕಡೆ ನಿಲ್ಲಿಸಿ, ಕಾಲೊಜೆರೊನ ಕಡೆ ನೋಡಿದರು.

ಕಾಲೊಜೆರೊ ಗಂಟೆಯ ಹತ್ತಿರ ಹೋಗಲಿಲ್ಲ. ಒಂದು ಕುರ್ಚಿಯನ್ನು ದರದರ ಎಳೆದು ತಂದು ಪೆಟ್ಟಿಗೆಯ ಪಕ್ಕಕ್ಕೆ ಹಾಕಿಕೊಂಡ. ಪೀಠಕ್ಕೆ ಬೆನ್ನು ಮಾಡಿ ಕೂತು, ಮುಚ್ಚಳದ ಮೇಲೆ ಅಂಗೈ ಊರಿದ, ಮಾತು ಮುಗಿಸದೆ ಎದ್ದು ಹೊರಟ ನೆಂಟನನ್ನು ತಡೆದು ಕೂರಿಸುವವರ ಹಾಗೆ.