ಶಾಮಣ್ಣನ ಬಲಗೈ, ನಮ್ಮ ವಂಶದ ಮಾತು

ನನ್ನ ತಮ್ಮ ಶಾಮಣ್ಣನಿಗೆ ಮೆದುಳಿನಲ್ಲಿ ರಕ್ತಸ್ರಾವವಾಗಿ ಎರಡು ತಿಂಗಳಾಗಿತ್ತು. ಜೀವ ಉಳಿಯಿತು. ಬಲಗೈ ಸೋತಿತ್ತು, ಮಾತು ತೊದಲುತ್ತಿತ್ತು. ಹನುಮಂತನಗರದ ಮನೆಯಲ್ಲಿ ಅವನ ಹೆಂಡತಿ ಜಯಾ, ಅಕ್ಕನಾದ ನಾನು, ಇಬ್ಬರೂ ನೋಡಿಕೊಂಡು ನೋಡಿಕೊಂಡು ದಣಿದಿದ್ದೆವು.

ಮನೆಗೆ ಬಂದು ಫಿಸಿಯೋಥೆರಪಿ ಮಾಡಿಸುವ ಮಧುಮತಿ ಹುಬ್ಬಳ್ಳಿ ಕಡೆಯವಳು. ಒಂದು ಬೆಳಿಗ್ಗೆ ಜಯಾ ಅವಳನ್ನು ಬಾಗಿಲಲ್ಲೇ ತಡೆದಳು.

"ನಾಳೆಯಿಂದ ಬರ್ಬೇಡಮ್ಮ. ನಮ್ಮ ಮಾವನೂ ಹಿಂಗೇ ಬಿದ್ರು, ಏಳ್ಲಿಲ್ಲ. ಇವರ ದೊಡ್ಡಪ್ಪನೂ ಅಷ್ಟೇ. ಎಲ್ಲಾ ಜೀನ್ಸಂತೆ, ಫೋನಲ್ಲಿ ಓದ್ದೆ. ವಂಶದಲ್ಲೇ ಇದ್ರೆ ಯಾರೇನ್ ಮಾಡಕ್ಕಾಗುತ್ತೆ?"

"ಪೂರ್ತಿ ಸುಳ್ಳಲ್ರೀ ಆಂಟಿ," ಎನ್ನುತ್ತಾ ಮಧುಮತಿ ಚಪ್ಪಲಿ ಬಿಟ್ಟಳು. "ಸುಧಾರಿಸ್ಕೊಳ್ಳೋದ್ರಾಗ ಜೀನಿಂದೂ ಸ್ವಲ್ಪ ಪಾಲು ಇರಬಹುದು ಅಂತಾರ. ಅದನ್ನ ಇನ್ನೂ ಹುಡುಕಾಕತ್ತಾರ. ಆದ್ರ ಜೀನ್ ಒಂದನ್ನ ನೋಡಿ ಇವ್ರು ಏಳಂಗಿಲ್ಲ ಅಂತ ಯಾರೂ ಹೇಳಾಕಾಗಂಗಿಲ್ಲ. ರಕ್ತ ಎಲ್ಲಿ ಹರೀತು, ಎಷ್ಟು ಹರೀತು, ವಯಸ್ಸು, ಬಿಪಿ, ದಿನಾ ಮಾಡೋ ವ್ಯಾಯಾಮ, ಎಲ್ಲಾನೂ ಅದಾವಲ್ರೀ. ನಿಮ್ಮ ಮಾವನೋರಿಗೆ ವ್ಯಾಯಾಮ ಯಾರು ಮಾಡಿಸಿದ್ರು?"

ಜಯಾ ನನ್ನ ಮುಖ ನೋಡಿದಳು. ಅಪ್ಪ ಹಾಸಿಗೆ ಹಿಡಿದಿದ್ದಾಗ ಅವಳಿನ್ನೂ ಈ ಮನೆಗೆ ಸೊಸೆಯಾಗಿ ಬಂದಿರಲಿಲ್ಲ.

"ಯಾರೂ ಮಾಡಿಸ್ಲಿಲ್ಲ," ಎಂದೆ. "ಅಪ್ಪ ತಟ್ಟೆಗೆ ಕೈ ಹಾಕಿದ್ರೆ ನಾವೇ ಹಿಡ್ಕೊಂಡು ತುತ್ತಿಡ್ತಿದ್ವಿ. ಒಂಬತ್ತು ವರ್ಷ. ಅದನ್ನೇ ಸೇವೆ ಅಂದ್ಕೊಂಡಿದ್ವಿ."

"ಈಗ್ಲೂ ಅದನ್ನ ಮಾಡಾಕತ್ತೀರಲ್ಲ ಅಮ್ಮಾರ! ನುಂಗಾಕ ತೊಂದ್ರಿ ಇಲ್ಲ, ಕುಂತು ತಿನ್ನಲಿ ಅಂತ ಡಾಕ್ಟರ್ ಹೇಳ್ಯಾರ. ನೀವು ತುತ್ತಿಟ್ರ ಆ ಕೈಗೆ ಏನ್ ಕೆಲಸ?"

"ಅವ್ರು ತಿಂದ್ರೆ ಒಂದು ಗಂಟೆ. ಅರ್ಧ ನೆಲಕ್ಕೆ. ಒರೆಸೋರು ಯಾರು?" ಜಯಾಳ ದನಿ ಒಡೆಯಿತು.

"ನಾನು ಒರೆಸ್ತೀನಿ ಬಿಡು," ಎಂದೆ.

ಮಧುಮತಿ ಶಾಮಣ್ಣನನ್ನು ನೆಟ್ಟಗೆ ಕೂರಿಸಿ, ಮೊಣಕೈಗೆ ಆಸರೆ ಕೊಟ್ಟು, ಉಪ್ಪಿಟ್ಟಿನ ತಟ್ಟೆ ಮುಂದಿಟ್ಟಳು. ಮೂರು ಸಲ ಚೆಲ್ಲಿದ. ಜಯಾಳ ಕೈ ತಾನಾಗಿ ಮುಂದೆ ಹೋಯಿತು, ನಾನು ಹಿಡಿದುಕೊಂಡೆ. ನಾಲ್ಕನೇ ಸಲ ಅರ್ಧ ಮೀಸೆಗೆ, ಅರ್ಧ ಬಾಯಿಗೆ.

ನಿಧಾನವಾಗಿ ಅಗಿದು, "ಉ...ಪ್ಪು ಕಮ್ಮಿ," ಎಂದ.

"ಕಮ್ಮೀನ ಇರ್ಲಿ ಅಂಕಲ್, ಬಿಪಿ ಐತಿ!"

ಜಯಾ ಅಳುತ್ತಲೇ ನಕ್ಕಳು. "ನಾಳೆ ಎಷ್ಟೊತ್ತಿಗೆ ಬರ್ತೀಯಮ್ಮ?"

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಮನೆತನದಲ್ಲಿ ಯಾರಿಗಾದರೂ ಹೀಗಾಗಿದ್ದರೆ ನಿಮ್ಮ ಬಿಪಿ ನೋಡಿಸಿಕೊಳ್ಳಿ. ಯಾರದಾದರೂ ಮುಖ ಇದ್ದಕ್ಕಿದ್ದಂತೆ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ ತಕ್ಷಣ ಆಸ್ಪತ್ರೆಗೆ ಹೊರಡಿ. ಮನೆಗೆ ಕರೆತಂದ ಮೇಲೆ, ಇವರು ಏಳುವುದಿಲ್ಲ ಎಂದು ನೀವೇ ತೀರ್ಪು ಕೊಡಬೇಡಿ. ಡಾಕ್ಟರು ಒಪ್ಪಿದ್ದನ್ನು ಅವರ ಕೈಯಿಂದಲೇ ಮಾಡಿಸಿ, ಪಕ್ಕದಲ್ಲಿ ಕೂತು ಕಾಯಿರಿ. ದಣಿದು ಸಾಕಾಗುತ್ತದೆ, ನನಗೂ ಆಗಿದೆ. ಆದರೂ ಕಾಯಿರಿ.