ತುರುಬಿನೊಳಗಿನ ಎತ್ತರ

ಆಸ್ಪತ್ರೆಯ ಅಳತೆ ಕೋಣೆಯ ಹೊರಗಿನ ಬೆಂಚಿನಲ್ಲಿ ಅಮ್ಮ ನನ್ನ ತುರುಬು ಬಿಚ್ಚಿದಳು. ಒಳಗಿಂದ ಅಪ್ಪನ ಹಳೇ ಸಾಕ್ಸಿನ ಉಂಡೆ ಉರುಳಿ ಬಿತ್ತು.

"ಏನಿದು ಅತ್ತೆ?"

"ಎತ್ತರ," ಅಂದಳು ಅಜ್ಜಿ. "ನಿನ್ನ ಕೈಲಿ ಆಗ್ಲಿಲ್ಲ, ನಾನು ಬೆಳೆಸ್ದೆ."

ನನಗೆ ಹದಿಮೂರು, ಕಂಡವರು ಎಂಟು ಅನ್ನುತ್ತಾರೆ. ಮೂತ್ರಪಿಂಡ ಕೈಕೊಟ್ಟ ಮೇಲೆ ಮೈ ಬೆಳೆಯುವುದನ್ನೇ ಮರೆತಿತ್ತು. ಮನೆಯಲ್ಲಿ ನನ್ನ ಹೆಸರು ಅರ್ಧ ಟಿಕೆಟ್ಟು. ಆರು ತಿಂಗಳಲ್ಲಿ ಎರಡು ಸೆಂಟಿಮೀಟರ್ ಕೂಡ ಬೆಳೆದಿಲ್ಲವೆಂದು ಇವತ್ತು ಸಾಬೀತಾದರೆ ಬೆಳವಣಿಗೆಯ ಇಂಜೆಕ್ಷನ್ ಶುರು. ಅಂದರೆ ಫೇಲಾದರೇ ಪಾಸು. ಇದು ಅಜ್ಜಿಯ ತಲೆಗೆ ಹೋಗಿರಲಿಲ್ಲ. ಸಾಕ್ಸು ನನ್ನ ತಲೆಗೆ ಹೋಗಿತ್ತು.

ಅಮ್ಮ ನನ್ನ ಕಡೆ ತಿರುಗಿದಳು. "ಹೋದ್ಸಲಾನೂ ಇತ್ತಾ?"

ಇತ್ತು. ಅಮ್ಮನಿಗೆ ಜ್ವರವೆಂದು ಅವತ್ತು ಅಜ್ಜಿ ಕರೆತಂದಿದ್ದಳು. ಹೊಸ ನರ್ಸು ತುರುಬಿನ ಮೇಲೇ ಹಲಗೆ ಇಳಿಸಿ, "ಪರ್ವಾಗಿಲ್ವೇ, ಉದ್ದ ಆಗಿದೀಯಾ!" ಅಂದಿದ್ದಳು. ಆ ಮಾತನ್ನು ಅವಳದೇ ಮೂಗುದನಿಯಲ್ಲಿ ಕನ್ನಡಿಯ ಮುಂದೆ ಎಷ್ಟು ಸಲ ಹೇಳಿಕೊಂಡಿದ್ದೆನೋ. ಅದಕ್ಕೇ ಬಾಯಿ ಬಿಟ್ಟಿರಲಿಲ್ಲ.

"ಮಗು ಬಾಳು ಹಾಳ್ಮಾಡಿದ್ರಲ್ಲ!"

"ನಮ್ಮ ವಂಶದಲ್ಲಿ ಕುಳ್ಳರಿಲ್ಲಮ್ಮ. ಇದು ನಿನ್ನ ತವರಿನ ಬಳುವಳಿ."

ಅಮ್ಮ ಸಾಕ್ಸನ್ನು ಕಸದ ಬುಟ್ಟಿಗೆ ಎಸೆದಳು. ಮರುಕ್ಷಣವೇ ಹೊಳೆದಿರಬೇಕು: ಆಗ ಸಾಕ್ಸಿತ್ತು, ಈಗಲೂ ಇದ್ದರೆ ಮಾತ್ರ ನಡುವಿನ ನಿಜವಾದ ಬೆಳವಣಿಗೆ ಸಿಗುತ್ತದೆ; ಇಲ್ಲದಿದ್ದರೆ ನಾನು ಕುಗ್ಗಿದ ಹಾಗೆ ಲೆಕ್ಕ ಬರುತ್ತದೆ, ಯಾರೂ ನಂಬುವುದಿಲ್ಲ. ಬುಟ್ಟಿಗೆ ಕೈಹಾಕಿದಳು.

ಅಜ್ಜಿ ಕಿಸಕ್ಕನೆ ನಕ್ಕಳು. "ಉಗುಳಿದ್ದನ್ನೇ ನೆಕ್ಕೋದು ಅಂದ್ರೆ ಇದೇ ಕಣೇ."

"ಬಾಯ್ಮುಚ್ಚಿ." ಅಮ್ಮ ಹಲ್ಲು ಕಚ್ಚಿ, ಸಾಕ್ಸು ಒಳಗಿಟ್ಟು ತುರುಬು ಕಟ್ಟಿದಳು, ನನ್ನ ಕಣ್ಣಲ್ಲಿ ನೀರೂರುವಷ್ಟು ಬಿಗಿಯಾಗಿ.

ಒಳಗೆ ಇವತ್ತು ಹಿರಿಯ ನರ್ಸು. "ತುರುಬು ಬಿಚ್ಚು ಪುಟ್ಟಿ."

"ಪುಟ್ಟಿ ಅನ್ಬೇಡಿ," ಅಂದೆ. ನಾನೇ ಸಾಕ್ಸು ತೆಗೆದು ಮೇಜಿನ ಮೇಲಿಟ್ಟೆ. "ಹೋದ್ಸಲದ ಎತ್ತರದಲ್ಲಿ ಇದೂ ಸೇರಿದೆ. ಇದನ್ನ ಕಳೆದು ಬರ್ಕೊಳ್ಳಿ."

ಅವಳು ನಗಲಿಲ್ಲ. ಹಳೆಯ ಅಂಕಿಯ ಮೇಲೆ ಅಡ್ಡಗೆರೆ ಎಳೆದಳು. "ಸಾಕ್ಸ್ ಕಳೆಯೋ ಲೆಕ್ಕ ಡಾಕ್ಟ್ರು ಒಪ್ಪಲ್ಲ. ಇವತ್ತಿಂದೇ ಮೊದಲನೇ ಅಳತೆ. ಆರು ತಿಂಗಳು ಬಿಟ್ಟು ಬನ್ನಿ. ಮೂಳೆ ಮಾತ್ರ ನಿಮ್ಮನ್ನ ಕಾಯ್ತಾ ಕೂರಲ್ಲ, ಬಲಿತ್ಮೇಲೆ ಇಂಜೆಕ್ಷನ್ನೂ ಹತ್ತಲ್ಲ."

ಹೊರಗೆ ಬಂದಾಗ ಅಜ್ಜಿ ನನ್ನ ಕೆದರಿದ ಕೂದಲಿಗೆ ಕೈ ಚಾಚಿದಳು.

"ಮುಟ್ಬೇಡ," ಅಂದೆ.

ಅಮ್ಮನ ಕೈಯೂ ಬಂತು.

"ನೀನೂ."

ಕೂದಲು ಬಿಟ್ಟುಕೊಂಡೇ ಮೆಟ್ಟಿಲಿಳಿದೆ.