ನಿಲ್ದಾಣ ಕೇಳಿದ ಓಣಿ

ಬಸ್ಸಿನ ಮೆಟ್ಟಿಲು ಹತ್ತುವುದೇ ಅರಳೆಯಕ್ಕನ ಗಂಡನಿಗೆ ದೊಡ್ಡ ಕೆಲಸವಾಗಿತ್ತು. ಒಂದು ಕಾಲು ಮೇಲಿಟ್ಟು, ಕಂಬಿ ಹಿಡಿದು, ಉಸಿರಿಗಾಗಿ ಬಾಯಿ ತೆರೆದು ನಿಲ್ಲುತ್ತಿದ್ದ. ಹಿಂದಿನವರು ನೂಕುತ್ತಿದ್ದರು. ಕಂಡಕ್ಟರ್ ಒಳಗಿನಿಂದ ಗದರುತ್ತಿದ್ದ. ಅರಳೆಯಕ್ಕ ಗಂಡನ ಬೆನ್ನಿಗೆ ಹೆಗಲು ಕೊಟ್ಟು ಮೂಟೆ ಏರಿಸುವಂತೆ ಏರಿಸುತ್ತಿದ್ದಳು.

"ನನ್ನನ್ನೂ ಹಾಸಿಗೆ ಅಂದ್ಕೊಂಡಿದ್ದೀಯೇನೇ," ಅನ್ನುತ್ತಿದ್ದ ಅವನು, ಸೀಟು ಸಿಕ್ಕಿ ಉಸಿರು ಮರಳಿದ ಮೇಲೆ.

"ಹಾಸಿಗೆ ಆಗಿದ್ರೆ ಸುಮ್ನೆ ಬಿದ್ಕೊಂಡಿರ್ತಿತ್ತು. ನೀವು ಬಾಯಿ ಬೇರೆ ಮಾಡ್ತೀರಿ."

ಅರ್ಧ ದಾರಿಯಲ್ಲಿ ಇಳಿದು ಇನ್ನೊಂದು ಬಸ್ಸು ಹತ್ತಬೇಕು. ಅಲ್ಲಿ ಕೂರಲು ಒಂದು ಕಲ್ಲೂ ಇಲ್ಲ. ಅವನು ಗೋಡೆಗೆ ಹಣೆ ಒತ್ತಿ ನಿಂತು ಕೆಮ್ಮುತ್ತಿದ್ದ. ದೊಡ್ಡಾಸ್ಪತ್ರೆ ಮುಟ್ಟುವ ಹೊತ್ತಿಗೆ ಅವನಿಗಿಂತ ಅವಳೇ ರೋಗಿಯಂತೆ ಕಾಣುತ್ತಿದ್ದಳು. ಎಷ್ಟೋ ಸಲ ಇಬ್ಬರೂ ಬೆಳಿಗ್ಗೆ ಹೊರಟು, ಓಣಿಯ ಬಾಯಿಗೆ ಬಂದು, ಮುಖ ಮುಖ ನೋಡಿಕೊಂಡು ವಾಪಸು ಹೋಗಿದ್ದುಂಟು.

ಅದು ಹಾಸಿಗೆ ಮಾಡುವವರ ಓಣಿ. ಎರಡು ಕಡೆಯೂ ತಗ್ಗು ಮನೆಗಳು. ಮುಂದಿನ ಕೋಣೆಯಲ್ಲಿ ಕೆಲಸ, ಹಿಂದಿನದರಲ್ಲಿ ಸಂಸಾರ. ಗಂಡಸರು ಬಾಗಿಲು ಮುಚ್ಚಿಕೊಂಡು ಅರಳೆ ಹಿಂಜುತ್ತಿದ್ದರು; ತೆರೆದಿಟ್ಟರೆ ಗಾಳಿಗೆ ಮಾಲು ಹಾರಿಹೋಗುತ್ತದೆ. ಹೆಂಗಸರು ತುಂಬಿದ ಚೀಲದ ಮೇಲೆ ಮಂಡಿಯೂರಿ ಕೂತು ದಬ್ಬಣದಲ್ಲಿ ಹೊಲಿಯುತ್ತಿದ್ದರು. ದೊಡ್ಡ ರಸ್ತೆಯ ಗೋದಾಮುಗಳ ಸಾಹುಕಾರ ಅರಳೆ ಕಳಿಸುತ್ತಿದ್ದ, ಹಾಸಿಗೆ ಒಯ್ಯುತ್ತಿದ್ದ. ಊರೆಲ್ಲ ಮೆತ್ತಗೆ ಮಲಗುತ್ತಿತ್ತು. ಓಣಿ ಕೆಮ್ಮುತ್ತಿತ್ತು. ಮುಚ್ಚಿದ ಕೋಣೆಯಲ್ಲಿ ವರ್ಷಗಟ್ಟಲೆ ಹಿಂಜಿದ ಅರಳೆಯ ದೂಳು ಗಂಡನ ಎದೆಯಲ್ಲಿ ಕೂತುಬಿಟ್ಟಿತ್ತು. ಅವಳ ತಲೆಯಲ್ಲೂ ಹುಬ್ಬಿನಲ್ಲೂ ಸದಾ ಬಿಳಿ ಎಳೆಗಳು. ಯಾರ ಮದುವೆಗೆ ಹೋದರೂ, ಯಾರ ಸಾವಿಗೆ ಹೋದರೂ ಅವು ಅವಳ ಜೊತೆಗೇ ಹೋಗುತ್ತಿದ್ದವು. ಅದಕ್ಕೇ ಅರಳೆಯಕ್ಕ.

ಎದುರು ಮನೆಯೇ ತಂಗಿಯದು. ತಂಗಿಯ ಗಂಡ ತಳ್ಳುಗಾಡಿಯಲ್ಲಿ ಹಾಸಿಗೆ ಸಾಗಿಸುತ್ತಿದ್ದ. ಇಲ್ಲಿ ಪಾತ್ರೆ ಬಿದ್ದರೆ ಅಲ್ಲಿಂದ "ಏನಾಯ್ತಕ್ಕಾ" ಅಂತ ಕೇಳುತ್ತಿತ್ತು. ತಂಗಿಗೆ ಚಿಕ್ಕಂದಿನಿಂದ ಒಂದೇ ಅಭ್ಯಾಸ. ಮಗುವಿಗೆ ಹೆಸರಿಡುವುದಿರಲಿ, ಒಲೆ ಬದಲಾಯಿಸುವುದಿರಲಿ, "ಅಕ್ಕ ಏನಂತಾಳೆ?"

ಇಂಥ ಓಣಿಗೆ ಒಂದು ದಿನ ರೈಲು ಯೋಜನೆಯ ಕಚೇರಿಯಿಂದ ಒಬ್ಬರು ಮೇಡಂ ಬಂದರು. ಚಿಕ್ಕ ವಯಸ್ಸು. ಅರಳೆಯಕ್ಕನ ಮನೆಯಲ್ಲಿ ನೆಲದ ಮೇಲೇ ಕೂತರು. ಕೊಟ್ಟ ಲೋಟದಲ್ಲಿ ನೀರು ಕುಡಿದರು. ಗಂಡ ಕೆಮ್ಮಿದಾಗ ಮುಖ ತಿರುಗಿಸಲಿಲ್ಲ.

"ಲಘು ರೈಲು ಈಗ ಮಾರುಕಟ್ಟೆಗೇ ನಿಲ್ಲುತ್ತಲ್ಲ ಅಕ್ಕ, ಅದನ್ನ ದೊಡ್ಡಾಸ್ಪತ್ರೆ ತನಕ ಮುಂದುವರಿಸ್ತೀವಿ. ಜನರನ್ನ ಕೇಳದೆ ಏನೂ ಮಾಡಲ್ಲ. ನೀವು ಹೇಳಿದ ಹಾಗೇ ಯೋಜನೆ."

ಆ ಓಣಿಯವರನ್ನು ಅಲ್ಲಿಯವರೆಗೆ ಯಾರೂ ಏನನ್ನೂ ಕೇಳಿರಲಿಲ್ಲ. ಹಾಸಿಗೆ ಯಾವಾಗ ಮುಗಿಯುತ್ತದೆ ಎಂದು ಕೇಳಿದ್ದರು, ಅಷ್ಟೆ. ಮೇಡಂ ನಕ್ಷೆಯೊಂದನ್ನು ಗೋಡೆಗೆ ತೂಗುಹಾಕಿದರು. ಹಸಿರು ಚುಕ್ಕಿಗಳ ಹಾಳೆ ಕೊಟ್ಟರು. ನಿಲ್ದಾಣ ಎಲ್ಲಿ ಬೇಕೋ ಅಲ್ಲಿ ಅಂಟಿಸಬೇಕು.

"ರೈಲು ಯಾವ ಕಡೆಯಿಂದ ಬರುತ್ತೆ?" ಗಂಡ ಕೇಳಿದ.

"ಅದು ಇನ್ನೂ ತೀರ್ಮಾನ ಆಗಿಲ್ಲ ಅಣ್ಣ. ಬಹುಶಃ ದೊಡ್ಡ ರಸ್ತೇಲೇ."

ತಂಗಿ ಚುಕ್ಕಿಯನ್ನು ಬೆರಳ ತುದಿಯಲ್ಲಿ ಹಿಡಿದು ನಿಂತಿದ್ದಳು. "ಕೇಳ್ಕೊಂಡು ಬರೋರು ಸುಮ್ನೆ ಬರ್ತಾರಾ ಅಕ್ಕ? ನನಗ್ಯಾಕೋ ಅಳುಕು."

"ನಿನ್ ಭಾವನ ಮುಖ ನೋಡೇ ಒಂದ್ಸಲ. ಓಣಿ ಬಾಯಲ್ಲಿ ಹತ್ತಿಸಿ, ಆಸ್ಪತ್ರೆ ಬಾಗಿಲಲ್ಲಿ ಇಳಿಸಿದ್ರೆ ಈ ಮನುಷ್ಯ ಉಳೀತಾನೆ."

ತಂಗಿ ನಕ್ಷೆಯ ಹತ್ತಿರ ಹೋದಳು. ಅಂಟಿಸಿದಳು. ಬರಲೊಲ್ಲೆ ಎಂದವರನ್ನು ಅರಳೆಯಕ್ಕನೇ ಮನೆಮನೆಗೆ ಹೋಗಿ ಕರೆತಂದಳು. ಸಂಜೆಗೆ ನಕ್ಷೆಯಲ್ಲಿ ಅವರ ಓಣಿ ಪಾಚಿ ಕಟ್ಟಿದಂತೆ ಹಸಿರಾಗಿತ್ತು.

ಇನ್ನೊಂದು ದಿನ ಕ್ಯಾಮೆರಾದವನು ಬಂದ. ಓಣಿಯ ಪರವಾಗಿ ಒಬ್ಬರು ಮಾತಾಡಬೇಕಂತೆ. ಎಲ್ಲರೂ ಅವಳನ್ನೇ ಮುಂದೆ ತಳ್ಳಿದರು. ಅವಳು ತಲೆ ಕೊಡವಿಕೊಂಡು, ಮುಖ ತೊಳೆದುಕೊಂಡು ನಿಂತಳು.

"ನಮ್ಮ ಯಜಮಾನರಿಗೆ ಉಸಿರಿಲ್ಲ. ಎರಡು ಬಸ್ಸು ಹತ್ತಿಸೋಕೆ ನನ್ ಕೈಲಾಗಲ್ಲ. ನಮ್ಮ ಓಣಿಗೇ ರೈಲು ಬರ್ಲಿ. ಆದ್ರೆ ಒಂದು ಮಾತು, ಯಾರ ಮನೆಗೂ ಕೈ ಹಾಕ್ಬೇಡಿ. ದೊಡ್ಡ ರಸ್ತೆ ಇದೆಯಲ್ಲ, ಗೋದಾಮುಗಳ ಮುಂದೆ ಬೇಕಾದಷ್ಟು ಜಾಗ ಬಿದ್ದಿದೆ. ಅಲ್ಲಿ ಬಂದ್ರೂ ನಾವು ನಡ್ಕೊಂಡು ಹೋಗ್ತೀವಿ."

"ತುಂಬ ಚೆನ್ನಾಗಿ ಹೇಳಿದ್ರಿ ಅಕ್ಕ," ಅಂದರು ಮೇಡಂ. ಅವರ ಕಣ್ಣಲ್ಲಿ ನೀರೂ ಇತ್ತು. ಅದು ಸುಳ್ಳು ನೀರಲ್ಲ.

ಕೊನೆಯ ಸಭೆ ಶಾಲೆಯ ದೊಡ್ಡ ಕೋಣೆಯಲ್ಲಿ ನಡೆಯಿತು. ಓಣಿಯವರು ಒಗೆದ ಬಟ್ಟೆ ಉಟ್ಟು ಬಂದಿದ್ದರು. ಮುಂದಿನ ಸಾಲಿನಲ್ಲಿ ಗೋದಾಮಿನ ಸಾಹುಕಾರ ಕಾಲಮೇಲೆ ಕಾಲು ಹಾಕಿ ಕೂತಿದ್ದ. ದೊಡ್ಡ ಅಧಿಕಾರಿ ಪರದೆಯ ಮೇಲೆ ನಕ್ಷೆ ತೋರಿಸಿದರು. ಮಾರುಕಟ್ಟೆಯಿಂದ ಹೊರಟ ಕೆಂಪು ಗೆರೆ ದೊಡ್ಡ ರಸ್ತೆಯವರೆಗೆ ಬಂತು. ಗೋದಾಮುಗಳು ಸಿಕ್ಕ ಕೂಡಲೇ ಪಕ್ಕಕ್ಕೆ ತಿರುಗಿತು. ಹಾಸಿಗೆ ಓಣಿಯನ್ನು ಈ ತುದಿಯಿಂದ ಆ ತುದಿಗೆ ಸೀಳಿಕೊಂಡು ಹೋಯಿತು.

ಮೊದಲು ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಗುಜುಗುಜು ಎದ್ದಿತು.

"ಇದು ಜನರೇ ಬಯಸಿದ ದಾರಿ," ಅಂದರು ಅಧಿಕಾರಿ. "ಬೇಕಾದ್ರೆ ಅವರ ಬಾಯಿಂದಲೇ ಕೇಳಿ."

ಗೋಡೆಯಷ್ಟು ದೊಡ್ಡದಾಗಿ ಅರಳೆಯಕ್ಕನ ಮುಖ ಬಂತು. ಹುಬ್ಬಿನ ಮೇಲೊಂದು ಬಿಳಿ ಎಳೆ ಉಳಿದುಹೋಗಿತ್ತು. "ನಮ್ಮ ಯಜಮಾನರಿಗೆ ಉಸಿರಿಲ್ಲ. ಎರಡು ಬಸ್ಸು ಹತ್ತಿಸೋಕೆ ನನ್ ಕೈಲಾಗಲ್ಲ. ನಮ್ಮ ಓಣಿಗೇ ರೈಲು ಬರ್ಲಿ." ಅಲ್ಲಿಗೆ ಮುಖ ನಿಂತಿತು. ಬಾಯಿ ಅರ್ಧ ತೆರೆದೇ ಇತ್ತು. ಮುಂದಿನ ಸಾಲಿನವರು ಚಪ್ಪಾಳೆ ತಟ್ಟಿದರು.

ಅವಳು ಎದ್ದು ನಿಂತಳು. "ಇನ್ನೂ ಇದೆ. ನಾನು ಇನ್ನೂ ಹೇಳಿದ್ದೆ."

"ಸಮಯ ಕಡಿಮೆಯಮ್ಮ. ಮುಖ್ಯವಾದ ಮಾತಷ್ಟೇ ಇಟ್ಕೊಂಡಿದ್ದೀವಿ."

ಅವಳು ಮೇಡಂ ಕಡೆ ನೋಡಿದಳು. ಮೇಡಂ ತಮ್ಮ ಚಪ್ಪಲಿ ನೋಡಿಕೊಳ್ಳುತ್ತಿದ್ದರು. ಪಕ್ಕದಲ್ಲಿ ಕೂತಿದ್ದ ತಂಗಿ ಮೆಲ್ಲಗೆ ಕೇಳಿದಳು:

"ನೀನು ಹಾಗಂದ್ಯಾ ಅಕ್ಕ?"

"ಪೂರ್ತಿ ಹಾಗಲ್ಲ ಕಣೇ. ಆಮೇಲೆ..."

"ಅಂದ್ಯಾ, ಇಲ್ವಾ?"

"ಅಂದೆ."

ತಂಗಿ ಎದ್ದು ಮಗುವನ್ನು ಸೊಂಟಕ್ಕೆತ್ತಿಕೊಂಡು ಹೊರಗೆ ಹೋದಳು.

ಓಣಿಯವರು ಕಚೇರಿಯಿಂದ ಕಚೇರಿಗೆ ಅಲೆದರು. ಎಲ್ಲಿ ಹೋದರೂ ಒಂದೇ ಉತ್ತರ: "ನಿಮ್ಮವರೇ ಕೇಳಿದ್ದಲ್ವಾ?" ಅರಳೆಯಕ್ಕ ಒಬ್ಬಳೇ ಮೇಡಂ ಹತ್ತಿರ ಹೋದಳು. ಮೇಡಂ ಅವಳನ್ನು ಮೆಟ್ಟಿಲ ಕೆಳಗೆ ಕರೆದುಕೊಂಡು ಹೋಗಿ, ಆಚೀಚೆ ನೋಡಿ ಮಾತಾಡಿದರು.

"ನಾನು ಪೂರ್ತಿನೇ ಕಳಿಸಿದ್ದೆ ಅಕ್ಕ. ಮೇಲಿನವರು ಕತ್ತರಿಸಿದ್ರು."

"ಹಾಗಾದ್ರೆ ಅದನ್ನೇ ಎಲ್ಲರ ಮುಂದೆ ಹೇಳಿ."

"ಹೇಳಿದ್ರೆ ನನ್ನ ಕೆಲಸ ಹೋಗುತ್ತೆ."

"ನಮ್ಮದು ಹೋಯ್ತಲ್ಲ, ಮೇಡಂ."

ಮೇಡಂ ಅತ್ತರು. ಅರಳೆಯಕ್ಕನೇ ಅವರ ಬೆನ್ನು ಸವರಿ ಬಂದಳು.

ಯಂತ್ರಗಳು ಬಂದ ದಿನ ಅರಳೆ ಹಾರಿತು. ಗೋಡೆ ಬಿದ್ದ ಕಡೆಯಿಂದೆಲ್ಲ ಬಿಳಿಯಾಗಿ ಎದ್ದು ಮರಗಳ ಮೇಲೆ, ಪೊಲೀಸರ ಟೋಪಿಯ ಮೇಲೆ, ಅಳುವ ಮಕ್ಕಳ ತಲೆಯ ಮೇಲೆ ಕೂತಿತು. ಎದುರು ಬಾಗಿಲಲ್ಲಿ ತಂಗಿ ಪಾತ್ರೆಗಳನ್ನು ತಳ್ಳುಗಾಡಿಗೆ ಜೋಡಿಸುತ್ತಿದ್ದಳು. ಅರಳೆಯಕ್ಕ ಹೋಗಿ ಒಂದು ಕೊಡ ಎತ್ತಿಕೊಟ್ಟಳು. ತಂಗಿ ಅದನ್ನು ತೆಗೆದುಕೊಳ್ಳದೆ ಇನ್ನೊಂದನ್ನು ಎತ್ತಿಕೊಂಡಳು.

ಊರಾಚೆಯ ಕಟ್ಟಡಗಳಲ್ಲಿ ಮನೆ ಕೊಟ್ಟರು. ತಂಗಿಗೆ ಅಕ್ಕನ ಪಕ್ಕದ ಮನೆಯೇ ಬಂದಿತ್ತು. ಅವಳು ಯಾರನ್ನೋ ಬೇಡಿಕೊಂಡು ಕೊನೆಯ ಕಟ್ಟಡಕ್ಕೆ ಬದಲಾಯಿಸಿಕೊಂಡಳು. ಅರಳೆ ಹರಡಲು ಅಲ್ಲಿ ಯಾರಿಗೂ ಜಾಗವಿರಲಿಲ್ಲ. ಅಷ್ಟು ದೂರ ಮಾಲು ಕಳಿಸಲು ಆಗದು ಎಂದು ಸಾಹುಕಾರ ಕೈ ಕೊಡವಿದ. ದಬ್ಬಣ ಹಿಡಿದ ಕೈಗಳು ಕಸಬರಿಗೆ ಹಿಡಿದವು. ಅರಳೆಯಕ್ಕನಿಗೆ ದೊಡ್ಡಾಸ್ಪತ್ರೆಯಲ್ಲೇ ನೆಲ ಒರೆಸುವ ಕೆಲಸ ಸಿಕ್ಕಿತು.

ಆದರೆ ಗಂಡನನ್ನು ಅಲ್ಲಿಗೆ ಕರೆದೊಯ್ಯಲು ಈಗ ಮೂರು ಬಸ್ಸು. ಅದಕ್ಕೂ ಮೊದಲು ಅಷ್ಟೆತ್ತರದ ಮೆಟ್ಟಿಲು. ಮನೆಗೆ ಬಂದ ದಿನ ನಾಲ್ಕು ಜನ ಅವನನ್ನು ಕುರ್ಚಿಯಲ್ಲಿ ಕೂರಿಸಿ ಮೇಲೆ ಹತ್ತಿಸಿದ್ದರು. ಅವನು ಮತ್ತೆ ಇಳಿಯಲೇ ಇಲ್ಲ.

"ಇಳಿದ್ರೆ ಹತ್ಬೇಕಲ್ಲೇ," ಅನ್ನುತ್ತಿದ್ದ. ಕಿಟಕಿಯ ಬಳಿ ಕೂತು ಕೊನೆಯ ಕಟ್ಟಡದ ಕಡೆ ನೋಡುತ್ತಿದ್ದ. ನಾದಿನಿಯ ಮಗು ಕೆಳಗೆ ಆಡುವುದು ಕಂಡರೆ ಹೆಂಡತಿಯನ್ನು ಕರೆದು ತೋರಿಸುತ್ತಿದ್ದ. ಒಂದು ದಿನ ಅವಳ ಕೈ ಹಿಡಿದುಕೊಂಡು ಅಂದ: "ನೀನು ನನಗೋಸ್ಕರ ಕೇಳ್ದೆ. ತಪ್ಪು ಅಂತ ಇದ್ರೆ ಅದು ನನ್ನ ಈ ಹಾಳು ಉಸಿರಿಂದು. ನಿಂದಲ್ಲ."

"ಸುಮ್ನಿರಿ. ಮಾತಾಡಿದ್ರೆ ಕೆಮ್ಮು ಬರುತ್ತೆ."

ಅವನು ಹೋದದ್ದು ಒಂದು ಮಧ್ಯಾಹ್ನ. ಅವಳು ಆಗ ಆಸ್ಪತ್ರೆಯಲ್ಲಿ ಬೇರೆ ಯಾರದೋ ಮಂಚದ ಕೆಳಗೆ ಒರೆಸುತ್ತಿದ್ದಳು.

ತಂಗಿ ಬಂದಳು. ನೀರು ಕಾಯಿಸಿದಳು. ಭಾವನ ಮೈ ತೊಳೆದಳು. ಬಂದವರಿಗೆ ಕೂರಲು ಹಾಸಿದಳು, ಎಲ್ಲ ಮುಗಿದ ಮೇಲೆ ನೆಲ ಗುಡಿಸಿದಳು. ಒಂದು ಕೆಲಸವನ್ನೂ ಅಕ್ಕನಿಗೆ ಬಿಡಲಿಲ್ಲ. ಒಂದು ಮಾತನ್ನೂ ಆಡಲಿಲ್ಲ. ಹೊರಟಾಗ ಅರಳೆಯಕ್ಕ ಅವಳ ಮಣಿಕಟ್ಟು ಹಿಡಿದಳು.

"ಬೈದಾದ್ರೂ ಹೋಗೇ."

ತಂಗಿ ಅಕ್ಕನ ಬೆರಳುಗಳನ್ನು ಒಂದೊಂದಾಗಿ, ನೋಯದ ಹಾಗೆ, ಬಿಡಿಸಿಕೊಂಡಳು. "ಬೆಳಿಗ್ಗೆ ಕೆಲಸಕ್ಕೆ ಹೋಗ್ಬೇಕು," ಅಂದಳು. ಹೋದಳು.

ರೈಲು ಓಡತೊಡಗಿತು. ಅರಳೆಯಕ್ಕ ಒಮ್ಮೆ ಹತ್ತಿದಳು. ತಮ್ಮ ಓಣಿ ಇದ್ದ ಜಾಗ ಯಾವುದೆಂದು ಕಿಟಕಿಗೆ ಮುಖ ಒತ್ತಿ ಹುಡುಕಿದಳು. ಗುರುತು ಹಿಡಿಯುವಷ್ಟರಲ್ಲಿ ದಾಟಿಹೋಗಿತ್ತು. ರೈಲು ಅಲ್ಲಿ ನಿಲ್ಲಲಿಲ್ಲ.

"ಇಲ್ಲೊಂದು ನಿಲ್ದಾಣ ಆಗ್ಬೇಕಿತ್ತಲ್ಲಪ್ಪ," ಅಂತ ಟಿಕೆಟ್ ನೋಡುವವನನ್ನು ಕೇಳಿದಳು.

"ಇಲ್ಲಿ ಹತ್ತೋರು ಯಾರಿದ್ದಾರಮ್ಮ? ಸುತ್ತಮುತ್ತ ಒಂದು ಮನೆ ಇಲ್ಲ. ಅದಕ್ಕೇ ಕೈಬಿಟ್ರು."

ರೈಲು ನಿಂತದ್ದು ಮುಂದೆ, ಗೋದಾಮುಗಳ ಹಿಂದುಗಡೆ. ಈಗ ಅವು ಗೋದಾಮುಗಳಲ್ಲ. ಗಾಜಿನ ಗೋಡೆಯ ಅಂಗಡಿಗಳು. ಸಾಹುಕಾರನ ಹೆಸರು ಮೇಲೆ ದೀಪದಲ್ಲಿ ಹೊಳೆಯುತ್ತಿತ್ತು.

ಕೆಲವು ತಿಂಗಳ ಮೇಲೆ, ಆಸ್ಪತ್ರೆಯಲ್ಲಿ ತಾಯಿಯನ್ನು ನೋಡಿಕೊಳ್ಳಲು ಬಂದಿದ್ದ ಒಬ್ಬ ಹೆಂಗಸು ಅವಳ ಜೊತೆ ಮಾತಿಗೆ ಕೂತಳು. ಬುಟ್ಟಿ ಹೆಣೆಯುವವಳು. ಬೆರಳ ತುಂಬ ಸೀಳುಗಾಯ.

"ಇನ್ನು ನಮಗೆ ಈ ಬಸ್ಸಿನ ಗೋಳು ತಪ್ಪುತ್ತೆ ಅಕ್ಕ. ರೈಲು ಇಲ್ಲಿಂದ ನಮ್ಮ ಬೀದಿ ತನಕ ಬರುತ್ತಂತೆ. ಒಬ್ರು ಮೇಡಂ ಬಂದಿದ್ರು. ಎಷ್ಟು ಒಳ್ಳೆಯವರು ಅಂತೀರಿ, ನಮ್ಮ ಲೋಟದಲ್ಲೇ ನೀರು ಕುಡಿದ್ರು."

ಅರಳೆಯಕ್ಕನ ಕೈಯಲ್ಲಿದ್ದ ಒದ್ದೆ ಬಟ್ಟೆ ಹಾಗೇ ನಿಂತಿತು. "ಸಭೆ ಯಾವತ್ತು?" ಅಂತ ಕೇಳಿದಳು.

ಸಭೆಯ ದಿನ ಕೆಲಸಕ್ಕೆ ಹೋಗದೆ ಆ ಬೀದಿಗೆ ಹೋದಳು. ಮೇಡಂ ನಕ್ಷೆ ತೂಗುಹಾಕುತ್ತಿದ್ದರು. ಅವಳನ್ನು ಕಂಡು ಹತ್ತಿರ ಬಂದರು.

"ಯಜಮಾನರು ಹೇಗಿದ್ದಾರೆ ಅಕ್ಕ?"

"ಹೋದ್ರು."

ಮೇಡಂ ನಕ್ಷೆಯ ಕಡೆ ತಿರುಗಿಕೊಂಡರು.

ಜನ ಸೇರಿದರು. ಹಸಿರು ಚುಕ್ಕಿಗಳ ಹಾಳೆ ಕೈಯಿಂದ ಕೈಗೆ ಹೋಗತೊಡಗಿತು. ಅರಳೆಯಕ್ಕ ಎದ್ದು ನಿಂತು, "ಅಂಟಿಸೋಕೆ ಮುಂಚೆ ನಾನೊಂದು ಮಾತು ಹೇಳ್ಬೇಕು," ಅಂದಳು.

ವೇದಿಕೆಯ ಮೇಲಿದ್ದ ಅಧಿಕಾರಿ ತಲೆ ಎತ್ತಿದರು. ಅದೇ ಅಧಿಕಾರಿ. ಅವರಿಗೆ ಅವಳ ಗುರುತು ಸಿಗಲಿಲ್ಲ.

"ನೀವು ಈ ಬೀದಿಯವರಾ?"

"ಅಲ್ಲ."

"ಹಾಗಾದ್ರೆ ಕೂತ್ಕೊಳ್ಳಿ. ಇಲ್ಲಿ ಇರೋ ಜನರ ಅಭಿಪ್ರಾಯ ಮಾತ್ರ ಕೇಳೋದು. ನಿಯಮ."

"ನಾನು ಎಲ್ಲಿಯವಳು ಅಂತ ನೀವೇ ಹೇಳಿಬಿಡಿ ಸಾರ್. ಅಲ್ಲಿಗೇ ಹೋಗಿ ಹೇಳ್ತೀನಿ."

ಅಧಿಕಾರಿ ಬಾಗಿಲ ಕಡೆ ಕೈ ಮಾಡಿದರು. ಕಾವಲಿನವನು ಬಂದು ಅವಳ ರಟ್ಟೆ ಹಿಡಿದ. ಅವಳು ಕೊಸರಾಡಲಿಲ್ಲ. ಹೊರಗೆ ಬಿಸಿಲಿತ್ತು. ಗೋಡೆಯ ಪಕ್ಕ ಸೀಳಿದ ಬಿದಿರಿನ ರಾಶಿ ಬಿದ್ದಿತ್ತು. ಅದರ ಹತ್ತಿರ ನಿಂತು ಉಸಿರು ತೆಗೆದುಕೊಂಡಳು.

ಹಿಂದೆ ಹೆಜ್ಜೆ ಸಪ್ಪಳವಾಯಿತು. ಬುಟ್ಟಿ ಹೆಣೆಯುವವಳು ಬಂದಿದ್ದಳು. ಅಂಟಿಸದ ಹಸಿರು ಚುಕ್ಕಿ ಅವಳ ಬೆರಳಲ್ಲೇ ಇತ್ತು.

"ಅಕ್ಕ, ಅದೇನು ಹೇಳ್ಬೇಕು ಅಂತಿದ್ರಿ, ಇಲ್ಲೇ ಹೇಳಿ."

ಅವಳ ಹಿಂದೆ ಇನ್ನಿಬ್ಬರು ಬಂದರು. ಒಬ್ಬ ಮುದುಕ ಬಾಗಿಲ ಚೌಕಟ್ಟು ಹಿಡಿದು ನಿಂತ. ಆಮೇಲೆ ಅವನೂ ಇಳಿದು ಬಂದ. ಒಳಗೆ ಅಧಿಕಾರಿ ಮೈಕಿನಲ್ಲಿ "ದಯವಿಟ್ಟು ಕೂತ್ಕೊಳ್ಳಿ, ದಯವಿಟ್ಟು ಕೂತ್ಕೊಳ್ಳಿ" ಅನ್ನುತ್ತಲೇ ಇದ್ದರು. ಜನ ಬರುತ್ತಲೇ ಇದ್ದರು. ಬಿದಿರಿನ ಸುತ್ತ ಗುಂಪು ದಟ್ಟವಾಯಿತು.

ಅರಳೆಯಕ್ಕನಿಗೆ ಎಲ್ಲಿಂದ ಶುರುಮಾಡಬೇಕೆಂದು ತಿಳಿಯಲಿಲ್ಲ. ಗಂಡನಿಂದಲೋ, ಮೇಡಂನಿಂದಲೋ, ಹಾರಿಹೋದ ಅರಳೆಯಿಂದಲೋ. ಯಾರೂ ಅವಸರಪಡಿಸಲಿಲ್ಲ.

"ನನಗೊಬ್ಬಳು ತಂಗಿ ಇದ್ದಾಳೆ," ಅಂದಳು ಕೊನೆಗೆ. "ಅವಳು ನನ್ನ ಮಾತು ನಂಬಿದ್ಲು."